ಎರಡನೆಯ ಸಹಿ

ಮನೆಗೆ ಬಣ್ಣ ಹೊಡೆಸಬೇಕೆಂದು ಹೋದ ವಾರ ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದೆ. ಒಂದು ರಟ್ಟಿನ ಪೆಟ್ಟಿಗೆ ತೆರೆದ ಕೂಡಲೇ ಹಳೆಯ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಒಂದು ಜಾಯ್‌ಸ್ಟಿಕ್, ಕಂಪ್ಯೂಟರ್ ಆಟದಲ್ಲಿ ವಿಮಾನ ಓಡಿಸುವ ಕಪ್ಪು ಕೋಲು. ಮೇಜಿಗೆ ಕಚ್ಚಿಕೊಂಡು ನಿಲ್ಲಲಿ ಎಂದು ಅದರ ಅಡಿಗೆ ನಾಲ್ಕು ರಬ್ಬರ್ ಬಟ್ಟಲುಗಳಿದ್ದವು. ಅವು ಕರಗಿ ಅಂಟಂಟಾಗಿ ರಟ್ಟಿಗೆ ಹಿಡಿದುಕೊಂಡಿದ್ದವು. ಎಳೆದು ತೆಗೆದೆ, ಕೈಯೆಲ್ಲ ಮಸಿಯಾಯಿತು. ಪೆಟ್ಟಿಗೆಯ ತಳದಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಬಣ್ಣದವನು ಬಾಗಿಲಲ್ಲಿ ನಿಂತು ಯಾವ ಕೋಣೆ ಮೊದಲು ಎಂದು ಎರಡು ಸಲ ಕೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ಅದು ಸಾಹೇಬರ ನೋಟ್‌ಬುಕ್...

ತೊಂಬತ್ತರ ದಶಕದ ಕೊನೆಯ ಮಾತು. ಡಿಗ್ರಿ ಮುಗಿಸಿ ಕೂತಿದ್ದೆ. ಜೊತೆಯವರೆಲ್ಲ ಮದುವೆಯಾಗಿ ಒಬ್ಬೊಬ್ಬರೇ ಊರು ಬಿಟ್ಟಿದ್ದರು. ನನ್ನ ಸೋದರಮಾವ ಶಿಡ್ಲಘಟ್ಟದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ತೆರೆದು, ಮನೆಯಲ್ಲಿ ಸುಮ್ಮನೆ ಕೂರುವ ಬದಲು ಪಾಠ ಹೇಳು ಎಂದು ನನ್ನನ್ನು ಅಲ್ಲಿಗೆ ಹಾಕಿದರು. ದಿನಾ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಬಸ್ಸು. ಸೆಂಟರ್ ಎಂದರೆ ಮಹಡಿಯ ಮೇಲೆ ಒಂದು ಕೋಣೆ, ಮೂರು ಕಂಪ್ಯೂಟರು, ಒಂದು ಫ್ಯಾನು. ಕಿಟಕಿ ತೆಗೆದರೆ ರೇಷ್ಮೆ ಗೂಡು ಬೇಯಿಸುವ ವಾಸನೆ ಒಳಗೆ ಬರುತ್ತಿತ್ತು. ಬೆಳಿಗ್ಗೆ ಎರಡು ಬ್ಯಾಚು, ಸಂಜೆ ಒಂದು. ಹನ್ನೊಂದರಿಂದ ನಾಲ್ಕರವರೆಗೆ ನೊಣ ಹೊಡೆಯುತ್ತ ಕೂರುವುದು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬಳೇ ಉಣ್ಣುವಾಗ ಎಷ್ಟೋ ದಿನ ಅಳು ಬಂದದ್ದುಂಟು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಕಾರಣವೇ ಇರಲಿಲ್ಲ.

ಸಾಹೇಬರು ಬಂದದ್ದು ಸ್ಟೆಬಿಲೈಸರ್ ರಿಪೇರಿಗೆ. ಐವತ್ತೈದು ದಾಟಿದ ಸಪೂರ ಮನುಷ್ಯ, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಜೇಬಿನಲ್ಲಿ ಟೆಸ್ಟರು. ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದು ನಿವೃತ್ತರಾಗಿ ಬಂದವರು. ಈಗ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳ ಮೋಟರು ನೋಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಒಂದು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬೀದಿಯಲ್ಲಿ ನಡೆದರೆ ಹತ್ತು ಜನ ಸಲಾಂ ಹೇಳುವರು, ಕೂತು ಮಾತಾಡುವವರು ಒಬ್ಬರೂ ಇಲ್ಲ. ಅದು ನನಗೆ ಆಮೇಲೆ ಗೊತ್ತಾದದ್ದು.

ಸ್ಟೆಬಿಲೈಸರ್ ಮುಗಿಸಿ ಏಳುವಾಗ ಅವರ ಕಣ್ಣು ಶೆಲ್ಫಿನ ಮೇಲಿದ್ದ ಜಾಯ್‌ಸ್ಟಿಕ್ಕಿನ ಮೇಲೆ ಬಿತ್ತು. ಮಾವ ಬೆಂಗಳೂರಿನಿಂದ ತಂದ ಹಳೆಯ ಕಂಪ್ಯೂಟರಿನ ಜೊತೆ ಬಂದದ್ದು ಅದು, ಒಂದು ಯುದ್ಧವಿಮಾನದ ಆಟವೂ ಜೊತೆಗಿತ್ತು. ಮಕ್ಕಳ ಆಟ ಎಂದೆ. ಅವರು ಕೋಲನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ಆಡಿಸಿ, ಹಾಕಿ ತೋರಿಸುತ್ತೀರಾ ಎಂದು ಕೇಳಿದರು. ಹೇಗೂ ಕೆಲಸವಿರಲಿಲ್ಲ. ಹಾಕಿದೆ.

ಆ ಕೋಲಿಗೆ ಎರಡು ಅಕ್ಷ. ಒಂದು ಎಡ ಬಲಕ್ಕೆ, ಇನ್ನೊಂದು ಹಿಂದೆ ಮುಂದಕ್ಕೆ. ಆಟ ಶುರುವಾಗುವ ಮೊದಲು ಕೋಲು ಯಾವ ಮೂಲೆಯಲ್ಲಿದೆ, ನಡು ಎಲ್ಲಿದೆ ಎಂದು ಕಂಪ್ಯೂಟರಿಗೆ ಕಲಿಸಬೇಕು. ನಾನು ಮಹಾ ಬುದ್ಧಿವಂತೆಯ ಹಾಗೆ, ಮುಂದೆ ತಳ್ಳಿದರೆ ವಿಮಾನ ಮೇಲೇರುವಂತೆ ತಿರುಗಿಸಿಟ್ಟೆ. ಮೇಲೆ ಅಂದರೆ ಮೇಲೆ ತಾನೇ? ಅವರು ಎಳೆದರು, ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ಹೋಯಿತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಳೆದರೆ ಏರಬೇಕು, ತಳ್ಳಿದರೆ ಇಳಿಯಬೇಕು, ಲೋಕದ ಎಲ್ಲ ವಿಮಾನವೂ ಹಾಗೇ ಎಂದು ತಿಳಿಸಿಕೊಟ್ಟರು. ಇಷ್ಟು ವರ್ಷ ಎಷ್ಟು ವಿಮಾನ ಓಡಿಸಿದಿರಿ ಎಂದು ಕೇಳಿದೆ. ನಗು ಅಲ್ಲಿಗೇ ನಿಂತಿತು.

"ಎಷ್ಟೋ ವಿಮಾನ ಮೇಲಕ್ಕೆ ಕಳಿಸ್ದೆ ಮೇಡಂ. ಒಂದನ್ನೂ ನಾನು ಇಳಿಸ್ಲಿಲ್ಲ. ಒಂದೇ ಒಂದ್ಸಲ ಇಳಿಸ್ಬೇಕು ಅಂತ ಐತೆ."

ಅಲ್ಲಿಂದ ವಾರಕ್ಕೆ ಮೂರು ನಾಲ್ಕು ಮಧ್ಯಾಹ್ನ ಬರತೊಡಗಿದರು. ಆಟದಲ್ಲಿ ಶತ್ರು ವಿಮಾನಗಳನ್ನು ಹೊಡೆಯಬೇಕು. ಅವರಿಗೆ ಅದು ಬೇಡವೇ ಬೇಡ. ಏರುವುದು, ದೊಡ್ಡ ಸುತ್ತು ಹಾಕಿ ತಿರುಗುವುದು, ರನ್‌ವೇ ಹುಡುಕಿಕೊಂಡು ಬರುವುದು. ಹಿಂದಿನಿಂದ ಯಾರಾದರೂ ಗುಂಡು ಹಾರಿಸಿದರೆ, ಇವನಿಗೆ ಮನೆ ಮಠ ಇಲ್ಲವಾ ಎಂದು ಬೈಯುತ್ತಿದ್ದರು. ಕೋಲು ಅವರದು, ಕೀಬೋರ್ಡು ನನ್ನದು. ವೇಗ ಕಡಿಮೆ ಮಾಡಲು ಒಂದು ಕೀ, ಚಕ್ರ ಬಿಡಲು ಒಂದು ಕೀ. ಅವರು "ಚಕ್ರ" ಎನ್ನುವುದು, ನಾನು "ಬಿಟ್ಟೆ" ಎನ್ನುವುದು. ಪ್ರತಿ ಸಲವೂ ಕೊನೆಯಲ್ಲಿ ರನ್‌ವೇ ಪಕ್ಕದ ಹುಲ್ಲಿಗೆ ಬೀಳುತ್ತಿದ್ದೆವು. ಒಮ್ಮೆ ಸರಿಯಾಗಿ ಇಳಿಯುತ್ತಿದ್ದಾಗಲೇ ಕರೆಂಟು ಹೋಯಿತು. ಇಬ್ಬರೂ ಕಪ್ಪು ತೆರೆಯನ್ನೇ ನೋಡುತ್ತ ಕೂತೆವು.

ಅವರ ಬಾಯಲ್ಲಿ ನಾನು ಮೇಡಂ ಹೋಗಿ ಅಮ್ಮ ಆದೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ನನ್ನ ಜೊತೆ ಯಾರೂ ಹಾಗೆ ಒಂದು ಕೆಲಸಕ್ಕೆ ಹೆಗಲು ಕೊಟ್ಟು ಕೂತಿರಲಿಲ್ಲ. ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಊಟ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಹಾರುವ ಮೊದಲು ಕೋಲನ್ನು ಪರೀಕ್ಷೆ ಮಾಡಲೇಬೇಕು. ಅವರು ಅದನ್ನು ನಾಲ್ಕೂ ಮೂಲೆಗೆ ಮುಟ್ಟಿಸುವರು, ತೆರೆಯ ಮೇಲಿನ ಪ್ಲಸ್ ಗುರುತು ಎತ್ತ ಹೋಯಿತೆಂದು ನಾನು ಎಡ, ಬಲ, ಮೇಲೆ, ಕೆಳಗೆ ಎಂದು ಕೂಗಬೇಕು. ವಿಮಾನದಲ್ಲೂ ಹಾಗೇ ಅಂತೆ, ಒಬ್ಬ ಒಳಗೆ ಕೂತು ಕೋಲು ಆಡಿಸಿದರೆ ಇನ್ನೊಬ್ಬ ಹೊರಗೆ ಬಾಲದ ಹತ್ತಿರ ನಿಂತು ಕೂಗುತ್ತಾನೆ. ಆಮೇಲೆ ನೋಟ್‌ಬುಕ್ಕು. ಕೋಲು ಸರಿಯಿದೆ ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ನನ್ನ ಕಡೆ ತಳ್ಳುವರು. ಮಕ್ಕಳ ಆಟಕ್ಕೆ ಇದೇನು ಸಾಹೇಬ್ರೆ ಎಂದು ನಾನು ನಗಾಡಿದೆ. ಅವರು ನಗಲಿಲ್ಲ. ಬೇರೆ ಕೆಲಸಕ್ಕೆ ಒಂದು ಸಹಿ ಸಾಕು, ಕೋಲಿನ ಕೆಲಸಕ್ಕೆ ಎರಡು ಬೇಕು, ಮಾಡಿದವನದೊಂದು, ನೋಡಿದವನದೊಂದು. ಮಾಡಿದವನಿಗೆ ತನ್ನ ತಪ್ಪು ಕಾಣುವುದಿಲ್ಲ ಎಂದರು. ಎರಡನೆಯದು ಹಾರುವ ಮೊದಲೇ ಬೀಳಬೇಕು, ಹಾರಿದ ಮೇಲೆ ಹಾಕಿದರೆ ಅದು ಬರೀ ಶಾಯಿ ಎಂದರು.

ಮಳೆಗಾಲ ಕಳೆಯುವ ಹೊತ್ತಿಗೆ ಕೋಲು ತೊಂದರೆ ಕೊಡತೊಡಗಿತು. ನಡುವಿನಲ್ಲಿ ಹಿಡಿದರೂ ತೆರೆಯ ಮೇಲಿನ ಗುರುತು ಸಣ್ಣಗೆ ಅದುರುವುದು. ಒಳಗೆ ಧೂಳು ಕೂತಿದೆ ಎಂದು ಸಾಹೇಬರು ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಒಂದು ಸ್ಕ್ರೂ ಮೇಜಿನಡಿ ಉರುಳಿ ಅರ್ಧ ಗಂಟೆ ಹುಡುಕಿದೆವು. ಮತ್ತೆ ಅದುರಿತು. ಸ್ಪ್ರಿಂಗು ಬದಲಾಯಿಸಿದರು, ಮತ್ತೆ ಅದುರಿತು. ದರಿದ್ರದ ಕೋಲು ಎಂದು ನಾನೂ ಬೈದೆ. ಅಷ್ಟರಲ್ಲಿ ಕೆಳಗಿನ ಟೀ ಅಂಗಡಿಯವನಿಗೆ ಅವರು ಅರ್ಧ ಲೋಟ ಸಾಕು ಎಂದು ಹೇಳತೊಡಗಿದ್ದರು. ನನಗೆ ಅದೂ ಕಂಡಿತ್ತು, ಆದರೆ ಎರಡನ್ನೂ ಸೇರಿಸಿ ನೋಡುವ ಬುದ್ಧಿ ಬರಲಿಲ್ಲ.

ಒಂದು ದಿನ ಅವರು ಬರುವ ಮೊದಲು ನಾನೇ ಕೋಲು ಹಿಡಿದು ಪರೀಕ್ಷೆ ಮಾಡಿದೆ. ಗುರುತು ಮೊಳೆ ಹೊಡೆದ ಹಾಗೆ ನಿಂತಿತ್ತು. ಬಿಟ್ಟು ಮತ್ತೆ ಹಿಡಿದೆ. ಅಲುಗಲಿಲ್ಲ. ಅದುರುತ್ತಿದ್ದದ್ದು ಕೋಲಲ್ಲ.

ಹೇಳಬೇಕಿತ್ತು. ಸಾಹೇಬ್ರೆ, ಕೈ ನಡುಗ್ತಿದೆ, ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ಎರಡು ಮಾತು, ಅಷ್ಟೇ. ಅವರ ಕೋಣೆಯಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ, ಇದ್ದವಳು ನಾನೊಬ್ಬಳು. ನನಗೆ ಬಾಯಿ ಬರಲಿಲ್ಲ. ನಿಜ ಹೇಳುತ್ತೇನೆ, ಅವರ ಮೇಲಿನ ಕನಿಕರಕ್ಕಿಂತ ನನ್ನ ಭಯವೇ ದೊಡ್ಡದಿತ್ತು. ಹೇಳಿದರೆ ಬರುವುದು ಬಿಟ್ಟುಬಿಡುತ್ತಾರೆ, ಮತ್ತೆ ಆ ಮಧ್ಯಾಹ್ನಗಳಿಗೆ ನಾನೊಬ್ಬಳೇ ಎಂಬ ಭಯ.

ಆಟದಲ್ಲಿ ಡೆಡ್ ಜೋನ್ ಎಂಬ ಒಂದು ಅಳತೆ ಇತ್ತು. ನಡುವಿನಲ್ಲಿ ಕೋಲು ಎಷ್ಟು ಅಲುಗಿದರೂ ಕಂಪ್ಯೂಟರು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದನ್ನು ಅಲ್ಲಿ ಹೇಳಿಕೊಡಬಹುದು. ಅದನ್ನು ಸದ್ದಿಲ್ಲದೆ ದೊಡ್ಡದು ಮಾಡಿಟ್ಟೆ. ಅವರು ಬಂದು ಹಿಡಿದರು, ಗುರುತು ನಿಂತಿತು. ಮುಖ ಅರಳಿತು. ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ ನನ್ನ ಕಡೆ ತಳ್ಳಿದರು. ನಾನೂ ಹಾಕಿದೆ.

ಅವತ್ತಿನಷ್ಟು ಚೆನ್ನಾಗಿ ಅವರು ಯಾವತ್ತೂ ರನ್‌ವೇಯತ್ತ ಬಂದಿರಲಿಲ್ಲ. ವಿಮಾನ ದಾರ ಕಟ್ಟಿ ಎಳೆದ ಹಾಗೆ ನೇರ ಬರುತ್ತಿತ್ತು. ಚಕ್ರ ಎಂದರು, ಬಿಟ್ಟೆ ಎಂದೆ. ರನ್‌ವೇಯ ಬಿಳಿ ಗೆರೆ ಕಾಣಿಸಿತು. ಇನ್ನೇನು ಮುಟ್ಟಬೇಕು, ಕೂದಲೆಳೆಯಷ್ಟು ಎಡಕ್ಕೆ ಬೇಕಿತ್ತು. ಅವರು ಅಷ್ಟನ್ನೇ ತಿರುಗಿಸಿದರು. ಆ ಅಷ್ಟನ್ನೇ ನಾನು ಕಂಪ್ಯೂಟರಿಗೆ ಲೆಕ್ಕಕ್ಕಿಡಬೇಡ ಎಂದು ಹೇಳಿದ್ದೆ. ವಿಮಾನ ತಿರುಗಲಿಲ್ಲ. ಹುಲ್ಲಿಗೆ ಬಿದ್ದು ಉರುಳಿತು.

ಸಾಹೇಬರು ಕೋಲನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಆಡಿಸಿ ನೋಡಿದರು. ಜನ್ಮವೆಲ್ಲ ಅದೇ ಕೆಲಸ ಮಾಡಿದ ಕೈ, ತಿಳಿಯದೇ ಇರುತ್ತದೆಯೇ. ಕೋಲು ಆಡ್ತಾ ಇದೆ, ವಿಮಾನ ಆಡ್ತಾ ಇಲ್ಲ ಎಂದರು. ಏನು ಮಾಡಿದಿರಿ ಎಂದು ಕೇಳಿದರು, ಕೋಪವಿಲ್ಲದೆ. ತೋರಿಸಿದೆ. ಮೊದಲಿನಂತೆ ಮಾಡಿ ಎಂದರು, ಮಾಡಿದೆ. ನನ್ನ ಕೈಗೆ ಕೋಲು ಕೊಟ್ಟರು. ಗುರುತು ನಿಂತಿತು. ವಾಪಸು ತೆಗೆದುಕೊಂಡು ತಾವು ಹಿಡಿದರು. ತೆರೆಯ ಮೇಲೆ ಅದು ಅದುರುವುದನ್ನು ಇಬ್ಬರೂ ಸುಮಾರು ಹೊತ್ತು ನೋಡಿದೆವು.

"ನಿಮ್ಗೆ ಕಂಡಿತ್ತಲ್ಲಮ್ಮ," ಎಂದರು. "ಕಂಡಿದ್ದನ್ನ ಹೇಳ್ಲಿ ಅಂತಾನೇ ಎರಡ್ನೇ ಸಹಿ."

ಅವರು ಚಪ್ಪಲಿ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.

ಎರಡು ವಾರ ಕಾದೆ. ಬರಲಿಲ್ಲ. ನಾನು ಯಾವುದೋ ಪರೀಕ್ಷೆ ಬರೆಯಲು ರಜ ಹಾಕಿದ್ದ ದಿನ ಬಂದು, ಮಾವನ ಮುಂದೆ ಒಬ್ಬರೇ ಕೂತು, ಕೋಲನ್ನು ಪರೀಕ್ಷೆ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೋದರಂತೆ. ಆಮೇಲೆ ಚಿಂತಾಮಣಿಯ ತಮ್ಮನ ಮನೆಗೆ ಹೊರಟುಹೋದರು ಎಂದು ಟೀ ಅಂಗಡಿಯವನು ಹೇಳಿದ. ಚಿಂತಾಮಣಿ ಏನು ಸೀಮೆಯಾಚೆ ಇತ್ತೇ? ಸೆಂಟರಿನ ಕೆಳಗಿಂದಲೇ ಬಸ್ಸು ಹೋಗುತ್ತಿತ್ತು. ಇವತ್ತು ಹೋಗುತ್ತೇನೆ, ಬರುವ ಶುಕ್ರವಾರ ಹೋಗುತ್ತೇನೆ ಎಂದುಕೊಂಡೇ ಒಂದೂವರೆ ವರ್ಷ ಕಳೆದೆ. ಆಮೇಲೆ ಹೋಗಿ ನೋಡಲು ಅವರೇ ಇರಲಿಲ್ಲ. ಕೊನೆಯಲ್ಲಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲವಂತೆ. ಮೊದಲೇ ತೋರಿಸಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಅಂದರಂತೆ... ಸೆಂಟರೂ ಮುಚ್ಚಿತು. ಕೋಲು, ನೋಟ್‌ಬುಕ್ಕು ಒಂದು ಪೆಟ್ಟಿಗೆಯಲ್ಲಿ ನನ್ನ ಜೊತೆ ಬಂದವು.

ಬಣ್ಣದವನನ್ನು ಅಡುಗೆಮನೆಗೆ ಕಳಿಸಿ, ನಾನು ನಡುಮನೆಯಲ್ಲಿ ನೆಲದ ಮೇಲೆ ಕೂತೆ. ಕೋಲಿನ ತಂತಿಯ ತುದಿಯನ್ನು ಚುಚ್ಚಲು ಈಗಿನ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಆದರೂ ಮಡಿಲಲ್ಲಿಟ್ಟುಕೊಂಡು ನಾಲ್ಕೂ ಮೂಲೆಗೆ ಮುಟ್ಟಿಸಿದೆ. ಎಡ, ಬಲ, ಮೇಲೆ, ಕೆಳಗೆ ಎಂದು ಕೂಗುವವರು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಮನೆಯಲ್ಲೂ ಈಗ ನಾನೊಬ್ಬಳೇ.

ಕೊನೆಯ ಪುಟ ತೆರೆದೆ. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿವೆ. ಕೋಲು ಸರಿಯಿದೆ, ದೋಷ ಕೈಯಲ್ಲಿದೆ ಎಂದು ಬರೆದು ಸಹಿ ಹಾಕಿದ್ದಾರೆ. ಪಕ್ಕದಲ್ಲಿ ಎರಡನೆಯ ಸಹಿಗೆ ಎಂದಿನಂತೆ ಸ್ಕೇಲು ಹಿಡಿದು ಗೆರೆ ಎಳೆದಿದ್ದಾರೆ. ಅದೂ ಸೊಟ್ಟಗಿದೆ. ಗೆರೆಯ ಮೇಲಿನ ಜಾಗ ಖಾಲಿ.

ಪೆನ್ನು ತಂದೆ. ಗೆರೆಯ ಮೇಲೆ ತುದಿ ಇಟ್ಟೆ. ಹಾರಿದ ಮೇಲೆ ಹಾಕಿದರೆ ಬರೀ ಶಾಯಿ ಎಂದು ಅವರೇ ಹೇಳಿದ್ದರು. ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ಮೊದಲಿದ್ದಂತೆಯೇ ಕೋಲಿನ ಕೆಳಗಿಟ್ಟು ಪೆಟ್ಟಿಗೆ ಮುಚ್ಚಿದೆ.