ಕ್ಯಾಮೆರಾಕ್ಕೆ ಹಾಕಿದ ಚೆಂಡುಹೂವಿನ ಹಾರ

ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೂ ಇದನ್ನು ಬರೆಯದೆ ಇರಲಾರೆ. ನನ್ನ ಮೊಮ್ಮಗಳು ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬರೆದು ಎರಡು ಮನೆ ಒಡೆಯುವುದನ್ನು ತಪ್ಪಿಸಿದಳು. ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ಇನ್ನೂ ತಡೆಯಲಾಗುತ್ತಿಲ್ಲ.

ಹಗರಿಬೊಮ್ಮನಹಳ್ಳಿಗೆ ಹತ್ತಿರದ ಹಳ್ಳಿ ನಮ್ಮದು. ನನ್ನ ಯಜಮಾನರು, ಅವರ ತಮ್ಮ ಅಂದರೆ ನನ್ನ ಮೈದುನ, ಅಕ್ಕಪಕ್ಕದ ಮನೆಯವರು. ಮನೆ ಬೇರೆಯಾದರೂ ಕುರಿದೊಡ್ಡಿ ಒಂದೇ. ಮೈದುನ ಕುರಿ ಮೇಯಿಸಿಕೊಂಡು ಬರುತ್ತಾನೆ. ಇವರು ದೊಡ್ಡಿಯಲ್ಲಿ ಉಳಿಯುವ ಮರಿಗಳನ್ನೂ ಟಗರನ್ನೂ ನೋಡಿಕೊಳ್ಳುತ್ತಾರೆ. ಆ ಟಗರು ಮನೆದೇವರ ಹೆಸರಿನಲ್ಲಿ ಬಿಟ್ಟದ್ದು. ಅದನ್ನು ಮಾರುವ ಮಾತೇ ಇಲ್ಲ.

ಸುತ್ತಲಿನ ಊರುಗಳಲ್ಲಿ ಕುರಿ ಕದಿಯುವವರು ಬಂದರೆಂದು ಮಗ ದೊಡ್ಡಿಯ ಕಂಬಕ್ಕೆ ಒಂದು ಕ್ಯಾಮೆರಾ ಹಾಕಿಸಿದ್ದ. ಅದು ಕಂಡದ್ದನ್ನೆಲ್ಲ ಒಳಗಿನ ಚಿಕ್ಕ ಕಾರ್ಡಿನಲ್ಲಿ ತುಂಬಿಕೊಳ್ಳುತ್ತದೆ, ಅಷ್ಟೇ. ಆಯುಧಪೂಜೆಯ ಬೆಳಿಗ್ಗೆ ಕುಡಗೋಲು, ಕೊಡಲಿ, ಬೈಕು ಎಲ್ಲಕ್ಕೂ ಪೂಜೆಯಾದ ಮೇಲೆ ಯಜಮಾನರು ಏಣಿ ಹತ್ತಿದರು. ಕ್ಯಾಮೆರಾಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ದೊಡ್ಡಿ ಕಾಯುವ ವಸ್ತುವಿಗೆ ಪೂಜೆ ಬೇಡವೇ ಎಂದರು. ನನಗೂ ಸರಿಯೆನಿಸಿತು.

ಅಂದೇ ನಾವೆಲ್ಲ ಹಬ್ಬಕ್ಕೆಂದು ಹಿರೇಹಡಗಲಿಯ ಮಗಳ ಮನೆಗೆ ಹೋದೆವು. ದೊಡ್ಡಿಗೆ ಮೈದುನ ಒಬ್ಬನೇ. ಮೂರನೆಯ ದಿನ ತಿರುಗಿ ಬಂದರೆ ಟಗರು ಇಲ್ಲ.

"ನಿನ್ನಿ ಮುಂಜಾನಿ ನೋಡಿದೆ ಅಣ್ಣಾ, ಇರ್ಲಿಲ್ಲ," ಎಂದ ಮೈದುನ. "ಯಾವಾಗ ಹೋತೋ ಗೊತ್ತಿಲ್ಲ. ಮರಿಗಳ ಜೊತಿ ಮಲಗೇತಿ ಅನ್ಕಂಡಿದ್ದೆ."

"ನಿನ್ನಿಯಿಂದ ಇಲ್ಲ ಅಂದ್ರ ಫೋನ್ ಯಾಕ ಮಾಡ್ಲಿಲ್ಲ?"

"ಹಬ್ಬದಾಗ ನಿಮಗ್ಯಾಕ ಚಿಂತಿ ಅಂತ. ಹುಡುಕಿದ್ರ ಸಿಗತೈತಿ ಅಂತ."

"ಎಲ್ಲಿ ಸಿಗತೈತಿ? ಸಂತಿಯಾಗ?"

ತಮ್ಮನೇ ಮಾರಿಕೊಂಡ ಎನ್ನುವಂಥ ಆ ಒಂದು ಮಾತು ಇವರು ಆಡಬಾರದಿತ್ತು. ಮೈದುನ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಇವರು ಊಟ ಬಿಟ್ಟರು. ದೊಡ್ಡಿಯ ನಡುವೆ ಬೇಲಿ ಹಾಕಿಸುತ್ತೇನೆ, ಕುರಿ ಪಾಲಾಗಲಿ, ಸೋಮವಾರ ಹಿರಿಯರನ್ನು ಕರೆಸುತ್ತೇನೆ ಎಂದರು. ಕುರಿ ಪಾಲಾದರೆ ನಮ್ಮಲ್ಲಿ ಅಣ್ಣತಮ್ಮಂದಿರು ಒಬ್ಬರ ಮನೆಯ ನೀರು ಒಬ್ಬರು ಮುಟ್ಟುವುದಿಲ್ಲ. ನಾನೂ ನನ್ನ ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ. ನಾನು ಮದುವೆಯಾಗಿ ಬಂದಾಗ ಮೈದುನನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾನೇ ಬುತ್ತಿ ಕಟ್ಟಿ ಕುರಿಯ ಹಿಂದೆ ಕಳಿಸಿದವಳು.

ಮೊಮ್ಮಗಳು ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ರಜೆ. ಕಾರ್ಡು ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ನಾನು ಪಕ್ಕದಲ್ಲಿ ಕೂತೆ.

"ಹಗಲೂ ರಾತ್ರಿ ಎಲ್ಲಾ ತುಂಬೇತಿ ಅಜ್ಜಿ. ಕುಂತು ನೋಡಿದ್ರ ಸೋಮವಾರ ದಾಟತೈತಿ. ಏನಾರ ಅಲುಗಾಡಿದ್ದಷ್ಟೇ ಆರಿಸಿಕೊಡು ಅಂತ ಇದಕ್ಕ ಹೇಳತೀನಿ."

"ಬಾಯಿಲೆ ಹೇಳತೀಯೇನು?"

"ಬರದು ಹೇಳತೀನಿ. ಕಮಾಂಡ್ ಅಂತಾರ."

ಪರದೆಯ ಮೇಲೆ ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ. ವಿಡಿಯೋ ಎಂದರೆ ಒಂದರ ಹಿಂದೆ ಒಂದು ಫೋಟೋ, ಹಿಂದಿನದಕ್ಕೂ ಮುಂದಿನದಕ್ಕೂ ವ್ಯತ್ಯಾಸ ಕಂಡರೆ ಆ ತುಂಡು ಬೇರೆ ಇಡುತ್ತದೆ ಎಂದು ತಿಳಿಸಿ ಹೇಳಿದಳು. ಜರಡಿ ಹಿಡಿದ ಹಾಗೆ ಎಂದುಕೊಂಡೆ. ಆದರೆ ಮೊದಲನೆಯ ಸಲ ಜರಡಿಯಲ್ಲಿ ಎಲ್ಲವೂ ಉಳಿಯಿತು. ಎರಡು ದಿನದಲ್ಲಿ ಅಲುಗಾಡದ ಗಳಿಗೆಯೇ ಇಲ್ಲವಂತೆ. ಅವಳು ತೆರೆದು ನೋಡಿ ನಗತೊಡಗಿದಳು. ಮೇಲಿನ ಮೂಲೆಯಲ್ಲಿ ಹಳದಿ ಹೂವು ಗಾಳಿಗೆ ತೂಗುತ್ತಿದ್ದವು.

"ಅಜ್ಜಾ, ಇದಕ್ಕ ಹಾರ ಯಾಕ ಹಾಕಿದ್ರಿ?"

"ಪೂಜಿ ಮಾಡಬ್ಯಾಡೇನು?" ಎಂದರು ಯಜಮಾನರು ಕಟ್ಟೆಯಿಂದ.

"ಪೂಜಿ ಮಾಡ್ರಿ. ಕಣ್ಣಿಗೆ ಅಡ್ಡ ಹೂವು ಬಿಡಬ್ಯಾಡ್ರಿ."

ಆ ಮೂಲೆ ಬಿಟ್ಟು ನೋಡು ಎಂದು ಮತ್ತೆ ಬರೆದಳು. ಈ ಸಲ ಕೋಳಿ, ಕಾಗೆ, ಬೇವಿನ ನೆರಳು ಬಂದವು. ಕೋಳಿಗಿಂತ ದೊಡ್ಡದು ಅಲುಗಾಡಿದರಷ್ಟೇ ತೋರಿಸು ಎಂದು ಇನ್ನೊಮ್ಮೆ ಬರೆದಳು. ಕೊನೆಗೆ ಕೆಲವೇ ತುಂಡು ಉಳಿದವು. ಅವಳು ಎದ್ದು ಹೋಗಿ, ಬರಲೊಲ್ಲದ ಮೈದುನನನ್ನು ಕೈಹಿಡಿದು ಎಳೆದು ತಂದಳು.

"ಸಣ್ಣಜ್ಜ ಇಲ್ಲದ ನಾ ತೋರ್ಸಂಗಿಲ್ಲ."

ಮೊದಲು ನಾವು ಊರಿಗೆ ಹೊರಟದ್ದು ಕಂಡಿತು. ಮೈದುನ ಕುರಿ ಹೊಡೆದುಕೊಂಡು ಹೋದದ್ದು ಕಂಡಿತು. ಆಮೇಲೆ ದಾರಿಯಲ್ಲಿ ಧೂಳು, ಯಾರದೋ ದೊಡ್ಡ ಹಿಂಡು. ನಮ್ಮ ಟಗರು ಕತ್ತೆತ್ತಿತು. ಬಾಗಿಲಿನ ತಟ್ಟಿಗೆ ಕೊಂಬು ಕೊಟ್ಟು ದೂಡಿ, ಸಂದಿಯಲ್ಲಿ ನುಸುಳಿ, ಆ ಹೆಣ್ಣುಕುರಿಗಳ ಹಿಂದೆ ಓಡಿಯೇ ಓಡಿತು. ಅದು ಹೊರಬಿದ್ದ ಮೇಲೆ ಬಾಗಿಲು ತಾನೇ ಮತ್ತೆ ಮುಚ್ಚಿಕೊಂಡಿತು.

ಕತ್ತಲಾದ ಮೇಲೆ ಮೈದುನ ಕುರಿಗಳನ್ನು ದೊಡ್ಡಿಗೆ ಹೊಡೆದದ್ದು ಕಂಡಿತು. ಮುಂದಿನ ತುಂಡುಗಳು ಮರುದಿನದವು. ಎಲ್ಲದರಲ್ಲೂ ಮೈದುನ ಒಬ್ಬನೇ. ದೊಡ್ಡಿಗೆ ಬರುತ್ತಾನೆ, ಹುಲ್ಲಿನ ಬಣವೆಯ ಹಿಂದೆ ನೋಡುತ್ತಾನೆ, ದಾರಿಗೆ ಓಡುತ್ತಾನೆ, ಮತ್ತೆ ಬಂದು ನೋಡಿದಲ್ಲೇ ನೋಡುತ್ತಾನೆ. ಕೊನೆಯದರಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟ. ಯಜಮಾನರು ಯಾವಾಗ ಕಟ್ಟೆಯಿಂದ ಇಳಿದು ಬಂದು ನನ್ನ ಹಿಂದೆ ನಿಂತರೋ ತಿಳಿಯಲಿಲ್ಲ. ಇನ್ನೊಮ್ಮೆ ತೋರಿಸು ಎಂದರು.

ಮೈದುನ ಮಾತ್ರ ಹಿಂಡನ್ನೇ ನೋಡುತ್ತಿದ್ದ. "ಬೆನ್ನಿಗೆ ಹಸರು ಬಣ್ಣ ಹಚ್ಯಾರ. ತೆಲಿಗಿ ಊರ ಕಡಿಯವರ ಕುರಿ ಇವು. ಗೊಬ್ಬರಕ್ಕಂತ ಕೊಟ್ಟೂರು ದಾರಿ ಹೊಲದಾಗ ಇಳಿಸ್ಯಾರ."

ಅವರಿವರನ್ನು ಕೇಳಿ ನಂಬರು ಹಿಡಿದು ಫೋನ್ ಮಾಡಿದ. ಆ ಕುರಿಗಾರನ ದನಿ ನಮಗೆಲ್ಲ ಕೇಳಿಸಿತು.

"ನಿಮ್ದೇನ್ರಿ ಅದು? ಹೊಡದು ಅಟ್ಟಿದ್ರೂ ಹೋಗವಲ್ದು. ಹಬ್ಬಕ್ಕ ಬಂದ ಅಳಿಯನಂಗ ಕುಂತೈತಿ. ಬಂದು ಕರ್ಕಂಡು ಹೋಗ್ರಿ."

ಯಜಮಾನರು ತಮ್ಮನ ಮುಖ ನೋಡಲಾರದೆ ಅವನ ಚಪ್ಪಲಿ ನೋಡುತ್ತಾ, "ಲೇ, ಚಪ್ಲಿ ಮೆಟ್ಟು. ಹೋಗಾಣ ನಡಿ," ಎಂದರು.

"ಎಲ್ಲಿಗೆ? ಸಂತಿಗಾ?"

"ನನ್ನ ಬಾಯಿಗೆ ಮಣ್ಣು ಹಾಕ. ಬೀಗರ ಮನಿಗೆ ನಡಿ."

ಮೈದುನ ನಗಬಾರದೆಂದು ಮುಖ ಬಿಗಿ ಹಿಡಿದ, ಆಗಲಿಲ್ಲ. ಮಗನ ಸರಕು ಗಾಡಿಯ ಹಿಂಭಾಗದಲ್ಲಿ ಕೂತು ಹೋದವರು, ಸಂಜೆಗೆ ಮುಂಚೆ ಟಗರನ್ನು ನಡುವೆ ಹಿಡಿದುಕೊಂಡು ಬಂದರು. ಇಳಿದವರೇ ತಟ್ಟಿ ಬಿಗಿ ಮಾಡಲು ಕೂತರು. ಹೀಗಲ್ಲ ಗಂಟು ಹಾಕೋದು ಎಂದು ಒಬ್ಬ, ನಿನಗೇನು ಗೊತ್ತು ಎಂದು ಇನ್ನೊಬ್ಬ. ನಾನು ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದೆ. ಆಮೇಲೆ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದೆ. ಎರಡೂ ಮನೆಗೆ ಸಾಕಾಗುವಷ್ಟು ಕಲಸಿದೆ. ಹೊರಗಿನ ಆ ಜಗಳ ಕಿವಿಗೆ ಬೀಳುತ್ತಿದ್ದಂತೆ ನನಗೆ ಹಸಿವು ತಡೆಯಲಾಗದೆ, ಬೇಯಿಸಿದ ಮೊದಲನೆಯ ರೊಟ್ಟಿಯನ್ನು ಒಲೆಯ ಮುಂದೆಯೇ ಕೂತು ತಿಂದುಬಿಟ್ಟೆ.