ಎಂಜಲು ಹೊಗೆಯ ಕೊಳವೆಯನ್ನು ಕಿತ್ತ ಬಗ್ಗೆ

ಮಾನ್ಯ ಓದುಗ ಮಿತ್ರರೇ,

ಮೊನ್ನೆ ವಿಜಾಪುರದ ಗಾಂಧಿ ಚೌಕದ ಹತ್ತಿರದ ಗ್ಯಾರೇಜಿನಲ್ಲಿ ನಮ್ಮ ಕಾರಿನ ಬಾನೆಟ್ ತೆರೆದ ಮೆಕ್ಯಾನಿಕನು ಮಸಿ ಹಿಡಿದ ಕೊಳವೆಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದನು. ಎಂಜಿನ್ನು ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಎಂಜಿನ್ನಿಗೇ ಕಳಿಸುವ ಇ.ಜಿ.ಆರ್. ವ್ಯವಸ್ಥೆ ಇದೇ ಎಂದೂ, ಅಪ್ಪಣೆಯಾದರೆ ಕಿತ್ತು ತೂತು ಮುಚ್ಚುವೆನೆಂದೂ ತಿಳಿಸಿದನು. ಸದರಿ ಮಸಿಯ ವಾಸನೆಗೆ ನನ್ನ ಬೆನ್ನು ಬೆವರಿತು. ಪಕ್ಕದಲ್ಲಿದ್ದ ಪತ್ನಿ ಕಸ್ತೂರಿ ನಕ್ಕಳು. ಕಾರಣವನ್ನು ಈ ಕೆಳಗೆ ನಿವೇದಿಸಿಕೊಳ್ಳುತ್ತೇನೆ. ಕಚೇರಿ ಟಿಪ್ಪಣಿಗಳ ಹೊರತು ಬೇರೇನೂ ಬರೆದವನಲ್ಲವಾದ್ದರಿಂದ, ತಪ್ಪಿದ್ದಲ್ಲಿ ಮನ್ನಿಸತಕ್ಕದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ತಿಕೋಟಾದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮ ಶಿವಲಿಂಗಪ್ಪ ಮಾಮಾ ಒಂದು ಹಳೆಯ ಕಾರು ಹೊಂದಿದ್ದರು. ಅದರ ಎಂಜಿನ್ನು ಕೈಕೊಟ್ಟಾಗ, ಮುಂಬೈಯಿಂದ ಯಾವುದೋ ವಿದೇಶಿ ಕಾರಿನ ಎಂಜಿನ್ನು ತರಿಸಿ, ವಿಜಾಪುರದ ದಸ್ತಗೀರ ಮಿಸ್ತ್ರಿಯ ಕೈಯಿಂದ ಕೂಡಿಸಿದರು. ಅಲ್ಲಿಯವರೆಗೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಆದರೆ ನನಗೆ ಕನ್ಯೆ ನೋಡಲು ಬಬಲೇಶ್ವರಕ್ಕೆ ಹೋಗುವ ಎರಡು ದಿನ ಮೊದಲು, ಒಂದು ಕೊಳವೆ ಸೈಲೆನ್ಸರ್ ಕಡೆಯಿಂದ ತಿರುಗಿ ಎಂಜಿನ್ನಿಗೇ ಹೋಗುತ್ತಿದ್ದುದು ಮಾಮಾರ ಗಮನಕ್ಕೆ ಬಂದಿತು. ಅದೇಕೆಂದು ಕೇಳಿದರು. ಮಿಸ್ತ್ರಿ ಇದ್ದುದನ್ನು ಇದ್ದಂತೆ ಹೇಳಿದನು. ಒಂದೇ ತಾಟಿನಲ್ಲಿ ಎರಡು ಕೈ ಕೂಡಿದರೂ ಎದ್ದುಹೋಗುವ ಮಡಿವಂತರು ಮಾಮಾ.

"ತನ್ನ ಎಂಜಲಾ ತಾನ ತಿನ್ನೂ ಗಾಡ್ಯಾಗ ಕುಂತು ಬೀಗರ ಮನಿಗೆ ಹೋಗೂದು ಹೆಂಗಲೇ ದಸ್ತಗೀರಾ? ಕಿತ್ತ ಒಗಿ."

"ಒಗೀತೇನ್ರಿ ಸಾವಕಾರ್ರ. ಆದರ ಆ ತೂತಿಗೆ ರೊಟ್ಟಿ ಹಂಚಿನಷ್ಟು ದಪ್ಪನ್ನ ಪತ್ರಾ ಬೇಕು. ಇಲ್ಲಾಂದ್ರ ಗಾಡಿ ಊರಿಗೆಲ್ಲಾ ಕೇಳೂಹಂಗ ಒದರತೈತಿ."

ಅಂದು ಶುಕ್ರವಾರ. ಕೊಳವೆ ಕಿತ್ತ ಮಿಸ್ತ್ರಿ, ಕಮ್ಮಾರನಿಂದ ಪತ್ರಾ, ಅಂದರೆ ಕಬ್ಬಿಣದ ದಪ್ಪ ತಗಡು, ತರಲು ನನಗೆ ಸೂಚಿಸಿ ನಮಾಜಿಗೆ ತೆರಳಿದನು. ನನಗೋ ಕ್ಷೌರದ ತುರ್ತು. ಕಮ್ಮಾರನ ಓಣಿಯನ್ನು ಕೈಬಿಟ್ಟು, ಹೆಣ್ಣು ನೋಡುವ ನಿಮಿತ್ತ ಕೊಂಡಿದ್ದ ಗುಲಾಬಿ ಚಿತ್ರದ ಪೌಡರ್ ಡಬ್ಬಿಯನ್ನೇ ಕಾಗದದ ಮೇಲೆ ಬರಿದು ಮಾಡಿ, ತಗಡು ಕತ್ತರಿಸಿ, ಎರಡು ಬೋಲ್ಟು ಬಿಗಿದು, ಮೇಲೆ ಮಸಿ ಬಳಿದೆನು. ತಿರುಗಿ ಬಂದ ಮಿಸ್ತ್ರಿ ದಪ್ಪನ್ನದೇ ಹಾಕಿದಿರೇನೆಂದು ಕೇಳಿದಾಗ, ಹೌದೆಂದು ದೃಢೀಕರಿಸಿದೆನು.

ರವಿವಾರ ಅರ್ಧ ದಾರಿಯವರೆಗೆ ಗಾಡಿ ಸಭ್ಯವಾಗಿಯೇ ನಡೆಯಿತು. ಆಮೇಲೆ ಒದರತೊಡಗಿತು. ಬಬಲೇಶ್ವರದ ಸಂತೆಯಲ್ಲಿ ಎಮ್ಮೆಗಳು ಹಗ್ಗ ಹರಿದುಕೊಂಡವು. ತಕ್ಕಡಿ ಹಿಡಿದವರು ತೂಕ ಮರೆತು ನಿಂತರು. ಕನ್ಯೆಯ ತಂದೆಯದು ಹಿಟ್ಟಿನ ಗಿರಣಿ. ಅವರು ಸ್ವಾಗತದ ಮಾತನ್ನೂ ಆಡದೆ ಬಾನೆಟ್ ಎತ್ತಿ, ಇಕ್ಕಳದಿಂದ ಅರ್ಧ ಸುಟ್ಟ ತಗಡನ್ನು ಹೊರತೆಗೆದರು. ಅದರ ಮೇಲೆ ಒಂದೂವರೆ ಗುಲಾಬಿ ಉಳಿದಿತ್ತು. ನನ್ನ ಬೆಳ್ಳಗಿನ ಮುಖದಲ್ಲಿ ಅದೇ ಪೌಡರ್ ಇತ್ತು. ಮಾಮಾ ಮಿಸ್ತ್ರಿಯನ್ನು ಬೈಯುತ್ತಲೇ ಇದ್ದರು.

ಕೇಳುವುದಿದ್ದರೆ ಕೇಳೆಂದು ಹಿರಿಯರು ಕನ್ಯೆಗೆ ಅಪ್ಪಣೆ ಕೊಟ್ಟರು. ಹುಡುಗಿ ನೌಕರಿ, ಪಗಾರ ಯಾವುದನ್ನೂ ಕೇಳಲಿಲ್ಲ.

"ಆ ತಗಡ ಹಚ್ಚಿದವ್ರು ಯಾರ್ರಿ?"

"ಮಿಸ್ತ್ರಿ," ಎಂದೆನು. ಬೆವರಿಗೆ ಮುಖದ ಪೌಡರ್ ಗೆರೆಗೆರೆಯಾಗಿ ಇಳಿಯಿತು.

ಲಗ್ನವು ಸುಸೂತ್ರವಾಗಿ ನೆರವೇರಿತು. ಆದರೆ ದಸ್ತಗೀರನಿಗೆ ಒಂದು ತೂತು ಮುಚ್ಚಲಿಕ್ಕೂ ಬರುವುದಿಲ್ಲವೆಂದು ಮಾಮಾ ಸಾರಿದ್ದರಿಂದ, ತಿಕೋಟಾದ ಒಂದು ಗಾಡಿಯೂ ಮುಂದೆ ಅವನ ಬಾಗಿಲಿಗೆ ಹೋಗಲಿಲ್ಲ. ಒಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರ ಸಿಕ್ಕಾಗ, ಪತ್ರಾ ದಪ್ಪನ್ನದೇ ಇತ್ತಲ್ಲವೇ ಎಂದು ಮೆಲ್ಲಗೆ ಕೇಳಿದನು. ಇತ್ತೆಂದೆನು. "ಹಂಗಾರ ನನ್ನ ಕೈದ ತಪ್ಪ ಬಿಡ್ರಿ," ಎಂದು ತನ್ನ ಕೈಗಳನ್ನೇ ನೋಡಿಕೊಂಡು ಹೋದನು.

ಮೊನ್ನೆ ಗ್ಯಾರೇಜಿನಲ್ಲಿ ಕಸ್ತೂರಿ ಮೆಕ್ಯಾನಿಕನಿಗೆ, ಕೀಳಬೇಡ, ತೊಳೆದು ಹಾಕು ಎಂದಳು. ಬಳಿಕ ನನ್ನ ಕಡೆ ತಿರುಗಿದಳು.

"ಕೀಳೂದ ಇದ್ರ ಹೇಳ್ರಿ, ಮನ್ಯಾಗ ಪೌಡರ್ ಡಬ್ಬಿ ಐತಿ."

ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದಳು! ಸುಳ್ಳನೆಂದು ತಿಳಿದೂ ಏಕೆ ಒಪ್ಪಿದೆ ಎಂದು ವಿಚಾರಿಸಿದೆನು. ಸುಳ್ಳು ಹೇಳುವಾಗ ಅಷ್ಟು ಬೆವರುವವನನ್ನು ಕಣ್ಣಿಟ್ಟು ಕಾಯುವುದು ಸುಲಭವೆನಿಸಿತಂತೆ. ತಾನಾಗಿ ಹೇಳಲೆಂದು ಕಾದಳಂತೆ. ಇನ್ನು ಕಾಯುವುದಿಲ್ಲವಂತೆ.

ದಸ್ತಗೀರ ಮಿಸ್ತ್ರಿ ನನಗಿಂತ ನಾಲ್ಕು ವರ್ಷ ಹಿರಿಯ, ಮನೆಯಲ್ಲೇ ಇರುತ್ತಾನೆ. ಅವನ ಮುಂದೆ ಓದಲು ಈ ಪತ್ರದ ಒಂದು ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಕಸ್ತೂರಿ ಆಗಲೇ ಸ್ಟೇರಿಂಗ್ ಹಿಡಿದು ಕುಳಿತು ಹಾರ್ನ್ ಒತ್ತುತ್ತಿದ್ದಾಳೆ. ಮುಖಕ್ಕೆ ಪೌಡರ್ ಹಚ್ಚಿಕೊಂಡಿಲ್ಲ.