ಕತ್ತಲೆ ಕೋಣೆಯ ಹುಳಿ ವಾಸನೆ

ಚಿಕ್ಕಬಳ್ಳಾಪುರದ ನಮ್ಮ ಬೀದಿಯ ತುದಿಯಲ್ಲಿ ಸಂಜೆ ಹೊತ್ತು ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಆತ ಬಾಣಲೆಗೆ ವಿನೆಗರ್ ಸುರಿದಾಗ ಹುಳಿ ವಾಸನೆಯೊಂದು ಮೂಗಿಗೆ ಬಡಿಯುತ್ತದೆ. ಉಳಿದವರಿಗೆ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಚಿಂತಾಮಣಿಯಲ್ಲಿ ನಮ್ಮ ತೌರುಮನೆಯ ಪಕ್ಕಕ್ಕಿದ್ದ ಸ್ಟುಡಿಯೋ ನೆನಪಾಗುತ್ತದೆ… ಅಲ್ಲಿನ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ನೀರಿಗೂ ಇದೇ ವಾಸನೆಯಿತ್ತು.

ಸ್ಟುಡಿಯೋ ನಡೆಸುತ್ತಿದ್ದವರನ್ನು ನಾವು ಮಾವ ಎನ್ನುತ್ತಿದ್ದೆವು. ನೆಂಟಸ್ತಿಕೆ ಏನೂ ಇಲ್ಲ, ಎರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ. ಅವರ ಬಟ್ಟೆಯಲ್ಲಿ, ಕೈಯಲ್ಲಿ, ಕೂದಲಲ್ಲಿ ಸದಾ ಆ ಹುಳಿ. ನಿಂಬೆ ಸಿಪ್ಪೆ ಹಾಕಿ ಎಷ್ಟು ಉಜ್ಜಿದರೂ ಹೋಗದು. ಅವರ ಹೆಂಡತಿ, ನಮ್ಮ ಬಾಯಲ್ಲಿ ಅತ್ತೆ, ಮಜ್ಜಿಗೆ ಚೆಂಬನ್ನು ಅವರ ಕೈಗೆ ಕೊಡದೆ ತಾವೇ ಮೇಲಿನಿಂದ ಬಾಯಿಗೆ ಬಿಡುತ್ತಿದ್ದರು. ಗಂಟೆಗಟ್ಟಲೆ ಕೆಂಪು ದೀಪದ ಕೆಳಗಿದ್ದು, ಕರಿ ಪರದೆ ಸರಿಸಿ ನಡುಮಧ್ಯಾಹ್ನದ ಬಿಸಿಲಿಗೆ ಬಂದರೆ ಕಣ್ಣು ಕೆಂಡ. ಬಾಗಿಲ ಚೌಕಟ್ಟು ಹಿಡಿದು, ಒಂದೆರಡು ಹೆಜ್ಜೆ ತೂರಾಡಿ, ಆಮೇಲೆ ಸರಿಯಾಗಿ ನಡೆಯುತ್ತಿದ್ದರು.

ಗಂಡಿನ ಕಡೆಯವರಿಗೆ ಕಳಿಸಲು ನನ್ನ ಫೋಟೋ ತೆಗೆದದ್ದು ಅವರೇ. "ಗದ್ದ ಒಂಚೂರು ಮೇಲಕ್ಕಮ್ಮ. ನಗಬೇಡ. ತಾನಾಗೇ ಬಂದ್ರೆ ಬರ್ಲಿ," ಅಂದರು. ನಗು ತಡೆಯಲಾಗಲಿಲ್ಲ. ಆ ನಗುವನ್ನೇ ಹಿಡಿದರು.

ಆಗ ಅವರ ಬಳಿ ಕೆಲಸ ಕಲಿಯಲು ಗೌರಿಬಿದನೂರು ಕಡೆಯ ಯುವಕನೊಬ್ಬ ಬಂದ. ಅತ್ತೆ ಕೈಯ ಮುದ್ದೆ ತಿಂದು, ಮಾವನ ಕ್ಯಾಮೆರಾದಲ್ಲೇ ಕೈ ಪಳಗಿಸಿಕೊಂಡು ಬೆಂಗಳೂರಿಗೆ ಹೋದ. ಮೊದಲು ಪತ್ರಿಕೆಗಳಿಗೆ ಫೋಟೋ, ಆಮೇಲೆ ಸಿನಿಮಾ. ಈಗ ದೊಡ್ಡ ನಿರ್ದೇಶಕ, ಪ್ರಶಸ್ತಿಗಳು, ವಿದೇಶ ಪ್ರಯಾಣ. ಹೆಸರು ಹೇಳುವುದಿಲ್ಲ. ನನ್ನ ನಾಲಿಗೆ ಯಾಕೆ ಹೊಲಸಾಗಬೇಕು?

ಈತ ಆತ್ಮಕಥೆ ಬರೆದ. ಗುರುವಿಗೊಂದು ಅಧ್ಯಾಯ. ಗುರು ಮಹಾ ಕಲಾವಿದನಂತೆ, ಹಗಲಿಡೀ ಕುಡಿದಿರುತ್ತಿದ್ದನಂತೆ. ಪುಸ್ತಕ ಚೆನ್ನಾಗಿ ಓಡಿತು. ಅದನ್ನೇ ಸಿನಿಮಾ ಮಾಡಿದ. ಕೊನೆಯಲ್ಲಿ ಗುರು ಹೆಂಡದಂಗಡಿಯ ಮುಂದಿನ ಚರಂಡಿಗೆ ಬಿದ್ದು ಸಾಯುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು. ಥಿಯೇಟರಿನಲ್ಲಿ ನನ್ನ ಅಕ್ಕಪಕ್ಕದವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾವ ಉಬ್ಬಸದಿಂದ, ಅವರ ಮನೆಯಲ್ಲೇ, ಅವರ ಮಂಚದ ಮೇಲೇ ಹೋದರು. ಬಾಯಿಗೆ ತುಳಸಿ ನೀರು ಬಿಟ್ಟವಳು ನಮ್ಮಮ್ಮ. ನಾನು ಕಾಲ ಬಳಿ ನಿಂತಿದ್ದೆ. ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯದ ಮನುಷ್ಯ…

ಒಬ್ಬ ಸುಳ್ಳು ಹೇಳಿದರೆ ಉಗಿದು ಸುಮ್ಮನಾಗಬಹುದು. ಊರನ್ನು ಏನು ಮಾಡುವುದು? ಸ್ಟುಡಿಯೋ ಎದುರಿನ ಹೋಟೆಲಿನವನು, ಮಾವನ ಕೈಯಲ್ಲೇ ಮದುವೆ ಫೋಟೋ ತೆಗೆಸಿಕೊಂಡವನು, ನನಗೇ ಬುದ್ಧಿ ಹೇಳಿದ.

"ಹತ್ರ ಹೋದ್ರೆ ಹುಳಿ ವಾಸ್ನೆ ಹೊಡೀತಿತ್ತಲ್ಲಮ್ಮ. ಕಣ್ಣು ಕೆಂಪಗೆ. ತೂರಾಡ್ಕೊಂಡೇ ಈಚೆ ಬರ್ತಿದ್ರು. ನಾನೇ ನೋಡಿಲ್ವಾ?"

ನೋಡಿದ್ದ. ವಾಸನೆ ನಿಜ, ಕೆಂಪು ಕಣ್ಣು ನಿಜ, ತೂರಾಟವೂ ನಿಜ. ಇಷ್ಟು ವರ್ಷ ಅದು ಕತ್ತಲೆ ಕೋಣೆಯದ್ದು ಎಂದು ಇಡೀ ಬೀದಿಗೆ ಗೊತ್ತಿತ್ತು. ಸಿನಿಮಾ ನೋಡಿ ಬಂದ ಮೇಲೆ ಎಲ್ಲ ಹೆಂಡದ್ದಾಯಿತು. ಕಣ್ಣಾರೆ ಕಂಡದ್ದನ್ನು ಟಿಕೆಟ್ಟಿಗೆ ದುಡ್ಡು ಕೊಟ್ಟು ಮಾರಿಕೊಂಡು ಬಂದ ಜನ! ಅವರ ಕಾಫಿ ಕುಡಿಯಲೂ ನನಗೆ ಹೇಸಿಗೆಯಾಯಿತು.

ಆಮೇಲೆ ಊರಲ್ಲಿ ಆ ನಿರ್ದೇಶಕನಿಗೆ ಸನ್ಮಾನ. ಶಿಡ್ಲಘಟ್ಟಕ್ಕೆ ಕೊಟ್ಟಿದ್ದ ಮಾವನ ಮಗಳನ್ನು, ನನ್ನ ಪಾಲಿನ ಅಕ್ಕನನ್ನು, ಕರೆಸಿ ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸಿದರು. "ಕುಡಿದರೂ ದೇವರಂಥ ಮನುಷ್ಯ" ಎಂದು ಒಬ್ಬೊಬ್ಬರೂ ಹೊಗಳಿದರು. ಅಕ್ಕ ತಲೆ ಎತ್ತಲಿಲ್ಲ. ನನಗೆ ಕೂರಲಾಗಲಿಲ್ಲ. ಸಭೆಯ ನಡುವೆ ಎದ್ದು ನಿಂತೆ.

"ಅವರು ಕುಡೀತಿರ್ಲಿಲ್ಲ. ನಿಮಗೂ ಗೊತ್ತು. ಅವರ ಮನೇಲಿ ಉಂಡೋರು ನೀವು."

ಆತ ಕೋಪಿಸಿಕೊಳ್ಳಲಿಲ್ಲ. ಎರಡೂ ಕೈ ಜೋಡಿಸಿದ, ಕಣ್ಣಲ್ಲಿ ನೀರು ತಂದುಕೊಂಡ. "ಅಮ್ಮಾ, ನಿಮ್ಮ ಪ್ರೀತಿ ದೊಡ್ಡದು. ಸತ್ತವರ ತಪ್ಪು ಮುಚ್ಚೋದೂ ಪ್ರೀತೀನೇ," ಎಂದ. ಸಭೆ ಚಪ್ಪಾಳೆ ಹೊಡೆಯಿತು. ಥೂ! ಆ ಚಪ್ಪಾಳೆಯಲ್ಲಿ ನನ್ನ ಮಾತು ಸತ್ತುಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ, ನಾನು ಒಂದೇ ಸೀಟಿನಲ್ಲಿ ಕೂತೆವು. ಅವಳು ಶಾಲನ್ನು ಮಡಿಲಲ್ಲಿ ಹಿಂಡುತ್ತಿದ್ದಳು. ಶಿಡ್ಲಘಟ್ಟ ಹತ್ತಿರವಾದಾಗ ಮೆಲ್ಲಗೆ ಕೇಳಿದಳು.

"ಅಲ್ಲ ಕಣೇ… ಅಪ್ಪ ನಮಗ್ಯಾರಿಗೂ ಗೊತ್ತಾಗದಂಗೆ ಎಲ್ಲಾದ್ರೂ ಕುಡೀತಿದ್ರೇನೋ? ಇಷ್ಟು ಜನ ಹೇಳ್ತಾರಲ್ಲ…"

ಬಾಯಿಗೆ ಬಂದದ್ದನ್ನೆಲ್ಲ ಅಂದು ಬೈದೆ. ಬೈಸಿಕೊಂಡು, ಕಣ್ಣೊರೆಸಿಕೊಂಡು, ಇಳಿದು ಹೋದಳು. ಹೆತ್ತ ಮಗಳ ಎದೆಯಿಂದಲೂ ಅಪ್ಪನನ್ನು ಕದ್ದವನನ್ನು ಜಗತ್ತು ಕಲಾವಿದ ಎನ್ನುತ್ತದೆ.

ಅವಳನ್ನು ಬೈದದ್ದು ಸುಲಭವಾಗಿತ್ತು. ನಿನ್ನೆ ಸಂಜೆ ಗೋಬಿ ಗಾಡಿಯ ಮುಂದೆ ಆ ವಾಸನೆ ಬಂದಾಗ ಕಣ್ಣು ಮುಚ್ಚಿದೆ. ಕರಿ ಪರದೆ ಸರಿಯಿತು. ಫೋಟೋ ನೀರಿಗೆ ಕಂದು ಬಣ್ಣವಾದ ಉಗುರಿನ ಕೈ ಚೌಕಟ್ಟು ಹಿಡಿಯಿತು. ಬಿಸಿಲಿಗೆ ಬಂದ ಮುಖ ಮಾತ್ರ ಆ ಸಿನಿಮಾದಲ್ಲಿ ಗುರುವಾಗಿದ್ದ ನಟನದು…

ಇವತ್ತು ಬೆಳಿಗ್ಗೆಯೇ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅಕ್ಕನ ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಮಾವ ಇದ್ದಾರೆ, ಅದೇ ಮೂಗು, ಅದೇ ಗಂಭೀರ ತುಟಿ. ಕಣ್ಣು ತುಂಬ ನೋಡಿದೆ. ಅಕ್ಕನೂ ಪಕ್ಕದಲ್ಲಿ ಬಂದು ನಿಂತಳು. ಎಷ್ಟು ನೋಡಿದರೂ ಫೋಟೋದ ಮಾವ ಕದಲುವುದಿಲ್ಲ. ಅವರು ಪರದೆ ಸರಿಸಿ ಎರಡು ಹೆಜ್ಜೆ ನಡೆಯಬೇಕು, "ಗದ್ದ ಮೇಲಕ್ಕಮ್ಮ" ಅನ್ನಬೇಕು ಎಂದರೆ, ಈಗ ನನ್ನ ಕಣ್ಣೊಳಗೆ ಆ ಸಿನಿಮಾದ ಕುಡುಕನೇ ಬರಬೇಕು.